ಒಂಬತ್ತು ಗಂಟೆ ಐದು ನಿಮಿಷದ ಶೀರಾ

ಬೆಣ್ಣೆಯಲ್ಲಿ ರವೆ ಹುರಿಯುವ ವಾಸನೆ ಬಂದರೆ ನಮ್ಮ ಕಡೆಯವರಿಗೆ ಒಂದೋ ಹೆಣ್ಣು ನೋಡಲು ಬಂದವರ ನೆನಪಾಗುತ್ತದೆ, ಇಲ್ಲವೇ ಸತ್ಯನಾರಾಯಣ ಪೂಜೆಯದು. ನನಗೆ ಮಾತ್ರ ಒಂದು ಸಾವಿನ ನೆನಪಾಗುತ್ತದೆ. ಅದೂ ನನ್ನ ಅಪ್ಪ ಹುಟ್ಟುವುದಕ್ಕೂ ಎಷ್ಟೋ ಮೊದಲು, ನಾನು ಇವತ್ತಿಗೂ ಕಾಲಿಡದ ಒಂದು ದೇಶದಲ್ಲಿ ಆಗಿಹೋದ ಸಾವು. ಕಳೆದ ತಿಂಗಳು ಅಮ್ಮನ ವರ್ಷಾಂತಿಕದ ದಿನ, ಒಳಗಿನ ಅಡುಗೆಮನೆಯಲ್ಲಿ ಬಾಣಲೆ ಇಟ್ಟು ನಾನು ರವೆ ಹುರಿಯತೊಡಗಿದೆ. ಹಿತ್ತಲಿನ ಒಲೆಯ ಹತ್ತಿರ ವಡೆಯ ಹಿಟ್ಟು ಹದ ಮಾಡುತ್ತಿದ್ದ ಅಡುಗೆ ಭಟ್ಟರು ವಾಸನೆ ಹಿಡಿದು ಬಾಗಿಲಿಗೆ ಬಂದರು. "ತಿಥಿಗೆ ಶೀರಾ ಮಾಡುವ ಕ್ರಮ ಇಲ್ಲ ಅಕ್ಕ," ಎಂದರು. ಕ್ರಮ ಇದೆ, ನಿಮಗೆ ಗೊತ್ತಿಲ್ಲ ಅಷ್ಟೇ ಎಂದು ನಾನು ಹೇಳಿದ್ದು ಸ್ವಲ್ಪ ಬಿರುಸಾಗಿಯೇ ಇತ್ತೇನೋ, ಅವರು ಹಿಟ್ಟಿನ ಕಡೆಗೆ ತಿರುಗಿ ಹೋದರು. ಆ ಕ್ರಮವನ್ನು ನಾನು ಕಲಿತದ್ದು ಒಮಾನಿನಲ್ಲಿ, ಸೀಬ್ ಹತ್ತಿರದ ಅಲ್ ಮವಾಲೇಹ್‌ನ ಒಂದು ಹಳದಿ ಬಣ್ಣದ ವಿಲ್ಲಾದಲ್ಲಿ, ಒಬ್ಬ ಟರ್ಕಿ ಹೆಂಗಸಿನ ಕೈಯಿಂದ. ಅವರು ನಮ್ಮ ಪಕ್ಕಕ್ಕೆ ಬಂದಾಗ ನನಗೆ ಒಂಬತ್ತು ವರ್ಷ.

ವಿಲ್ಲಾ ಎಂದರೆ ದೊಡ್ಡ ಮಾತು. ಒಂದೇ ಮನೆಗೆ ನಡುವೆ ಗೋಡೆ ಎಬ್ಬಿಸಿ ಮಾಲೀಕ ಎರಡು ಮಾಡಿದ್ದ. ಎಡಗಡೆ ನಾವು, ಬಲಗಡೆ ಅವರು. ಅಂಗಳ ಒಂದೇ, ಅಂಗಳದ ಬೇವಿನ ಮರ ಒಂದೇ, ಅಡುಗೆಮನೆಯ ಕಿಟಕಿಗಳು ಎದುರುಬದುರು. ಅಮ್ಮ ಸಾಸಿವೆ ಸಿಡಿಸಿದರೆ ಅವರಿಗೆ ಸೀನು ಬರುತ್ತಿತ್ತು, ಅವರು ಬದನೆಕಾಯಿ ಸುಟ್ಟರೆ ನಮಗೆ ಹಸಿವಾಗುತ್ತಿತ್ತು. ನಮ್ಮ ತುಳಸಿ ಪೇಂಟಿನ ಡಬ್ಬದಲ್ಲಿತ್ತು. ಅವರ ಕೆಂಪು ಹೂವಿನ ಗಿಡ ಚೀಸಿನ ಡಬ್ಬದಲ್ಲಿತ್ತು. ಎರಡಕ್ಕೂ ಏಸಿಯಿಂದ ತೊಟ್ಟಿಕ್ಕುವ ನೀರೇ ಗತಿ. ಅಪ್ಪ ಒಂದು ಕಟ್ಟಡ ಕಂಪನಿಯಲ್ಲಿ ಡ್ರಾಫ್ಟ್ಸ್‌ಮನ್. ಪುತ್ತೂರಿನ ಕಡೆಯವರಾದ ನಾವು ಮನೆಯಲ್ಲಿ ಕನ್ನಡ ಮಾತಾಡುತ್ತಿದ್ದೆವು, ಜಗಳ ಮಾತ್ರ ತುಳುವಿನಲ್ಲಿ. ಪಕ್ಕದ ಮನೆಯ ಓರ್ಹಾನ್ ಬೇ, 'ಬೇ' ಎಂದರೆ ನಮ್ಮ 'ರಾಯರು' ಇದ್ದ ಹಾಗೆ, ರಸ್ತೆ ಕಟ್ಟುವ ಟರ್ಕಿ ಕಂಪನಿಯ ಇಂಜಿನಿಯರ್. ಮೆತ್ತಗಿನ ಮನುಷ್ಯ, ಮೀಸೆ ಮಾತ್ರ ಜೋರು. ಅವರ ಹೆಂಡತಿ ನೆರ್ಮಿನ್. ನನಗೆ ಅವರು 'ತೇಯ್ಜೆ', ಎಂದರೆ ಅವರ ಭಾಷೆಯಲ್ಲಿ ಚಿಕ್ಕಮ್ಮ. ಅಮ್ಮನಿಗೆ 'ನೆರ್ಮಿನಕ್ಕ'. ಅಮ್ಮನ ಹರುಕು ಇಂಗ್ಲಿಷ್, ಅವರ ಮುರುಕು ಇಂಗ್ಲಿಷ್, ನಡುವೆ ಒಂದಿಷ್ಟು ಅರಬ್ಬಿ, ಒಂದಿಷ್ಟು ಕೈಸನ್ನೆ, ಇಷ್ಟರಲ್ಲೇ ಇಬ್ಬರೂ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಏನು ಮಾತಾಡಿದಿರಿ ಎಂದು ಅಪ್ಪ ಕೇಳಿದರೆ ಅಮ್ಮ, ನಿಮಗೆ ಹೇಳಿದರೆ ಅರ್ಥವಾಗುವುದಿಲ್ಲ ಎನ್ನುತ್ತಿದ್ದಳು.

ಅವರು ಬಂದ ವರ್ಷದ ನವೆಂಬರ್ ಹತ್ತನೆಯ ತಾರೀಖು. ನನಗೆ ಕೆಪ್ಪಟರಾಯ ಎದ್ದು ಕೆನ್ನೆಯ ಬಾವು ಇಳಿದಿತ್ತು, ಶಾಲೆಗೆ ಇನ್ನೂ ಕಳಿಸುತ್ತಿರಲಿಲ್ಲ. ಬೆಳಗ್ಗೆ ಎಂಟು ಗಂಟೆಯ ಹೊತ್ತಿಗೆ ಎದುರು ಕಿಟಕಿಯಿಂದ ಬೆಣ್ಣೆಯಲ್ಲಿ ರವೆ ಹುರಿಯುವ ವಾಸನೆ ತೇಲಿ ಬಂತು. ಅಮ್ಮ ದೋಸೆ ಮಗುಚುವುದನ್ನು ಬಿಟ್ಟು ಮೂಗು ಎತ್ತಿ ನಿಂತಳು. ಗೇಟಿನ ಮುಂದೆ ಕಾರುಗಳು ಒಂದೊಂದಾಗಿ ನಿಂತವು. ಗಂಡಸರು ಸೂಟು ಹಾಕಿದ್ದರು, ಹೆಂಗಸರ ಕೈಯಲ್ಲಿ ಬಿಳಿ ಹೂವಿನ ಗೊಂಚಲುಗಳಿದ್ದವು. ಶೀರಾ, ಸೂಟು, ಹೂವು. ಇನ್ನೇನು ಬೇಕು? ಕಂಪನಿಯ ಯಾವುದೋ ಹುಡುಗನಿಗೆ ನಿಶ್ಚಯ ತಾಂಬೂಲ ಎಂದು ಅಮ್ಮ ತೀರ್ಮಾನಿಸಿಬಿಟ್ಟಳು. "ಒಳ್ಳೆ ಕಾರ್ಯ ಉಂಟು ಅವರಲ್ಲಿ. ಕರೀಲಿಕ್ಕೆ ಮರ್ತಿರ್ಬೇಕು ಪಾಪ, ಬರಿ ಕೈಯಲ್ಲಿ ಹೋಗ್ಲಿಕ್ಕೆ ಆಗ್ತದಾ?" ಎಂದು ನವಿಲು ಬಣ್ಣದ ರೇಷ್ಮೆ ಸೀರೆ ಉಟ್ಟಳು. ತಟ್ಟೆಯಲ್ಲಿ ಅರಿಶಿನ ಕುಂಕುಮ, ತೆಂಗಿನಕಾಯಿ, ಹಿಂದಿನ ದಿನವಷ್ಟೇ ಊರಿನಿಂದ ಯಾರದೋ ಕೈಯಲ್ಲಿ ಬಂದಿದ್ದ ಮಲ್ಲಿಗೆ ಚೆಂಡು ಇಟ್ಟುಕೊಂಡಳು. ನನಗೂ ಜರಿಯ ಲಂಗ ತೊಡಿಸಿ ಕೈಹಿಡಿದು ಹೊರಟಳು.

ಬಾಗಿಲು ತೆರೆದೇ ಇತ್ತು. ನಾವು ಹೊಸ್ತಿಲು ದಾಟುವುದಕ್ಕೂ ಒಳಗಿನ ಟೇಪ್ ರೆಕಾರ್ಡರಿನಿಂದ ಸಣ್ಣ ದನಿಯಲ್ಲಿ ಸೈರನ್ ಮೊಳಗುವುದಕ್ಕೂ ಸರಿಹೋಯಿತು. ಪರದೇಶದಲ್ಲಿ ಜನ ಸೇರಿಸುವಾಗ ಹುಷಾರಾಗಿರಬೇಕೆಂದು ದನಿ ತಗ್ಗಿಸಿದ್ದರಂತೆ. ನಲವತ್ತು ಜನ ಇದ್ದಿರಬಹುದು, ಎಲ್ಲರೂ ಕೈ ಇಳಿಬಿಟ್ಟು, ಗೋಡೆಯ ಮೇಲಿನ ಒಂದು ಫೋಟೋದ ಕಡೆ ಮುಖ ಮಾಡಿ ಕಂಬದಂತೆ ನಿಂತಿದ್ದರು. ಅಮ್ಮನಿಗೆ ಅದು ಕಾಣಲಿಲ್ಲ. ಅವಳು ತಟ್ಟೆಯನ್ನು ಮುಂದೆ ಚಾಚಿ, ಮುಖ ತುಂಬ ನಕ್ಕು, ತನಗೆ ಬರುತ್ತಿದ್ದ ಎಲ್ಲ ಭಾಷೆಗಳಲ್ಲೂ ಹೊಂದುವ ಒಂದೇ ಮಾತನ್ನು ಗಟ್ಟಿಯಾಗಿ ಹೇಳಿದಳು: "ಮುಬಾರಕ್."

ಯಾರೂ ಅಲುಗಲಿಲ್ಲ. ಸೈರನ್ ಕೂಗುತ್ತಲೇ ಇತ್ತು. ಎದುರಿಗಿದ್ದ ಒಬ್ಬ ದೊಡ್ಡ ಗಂಡಸಿನ ಕೆನ್ನೆಯ ಮೇಲೆ ನೀರು ಇಳಿಯುತ್ತಿರುವುದನ್ನು ನಾನು ನೋಡಿದೆ. ಅಮ್ಮನೂ ಅದೇ ಗಳಿಗೆಯಲ್ಲಿ ನೋಡಿರಬೇಕು, ಅವಳ ಕೈ ನನ್ನ ಕೈಯನ್ನು ಹಿಂಡಿತು. ಹಿಂದೆ ಹೋಗುವ ಹಾಗಿಲ್ಲ, ಮುಂದೆ ಹೋಗುವ ಹಾಗಿಲ್ಲ. ಅವಳು ತಟ್ಟೆಯನ್ನು ಎದೆಗೆ ಒತ್ತಿಕೊಂಡು, ತಲೆ ಬಗ್ಗಿಸಿ, ಅವರ ಹಾಗೆಯೇ ನಿಂತುಬಿಟ್ಟಳು. ಸೈರನ್ ನಿಂತ ಮೇಲೆ ನೆರ್ಮಿನ್ ತೇಯ್ಜೆ ನೇರವಾಗಿ ನಮ್ಮ ಹತ್ತಿರ ಬಂದರು. ಬೈಯುತ್ತಾರೇನೋ ಎಂದುಕೊಂಡೆ. ಅವರು ತಟ್ಟೆಯಿಂದ ಮಲ್ಲಿಗೆ ಚೆಂಡನ್ನು ಮಾತ್ರ ಎತ್ತಿಕೊಂಡು ಫೋಟೋದ ಕೆಳಗೆ, ಬಿಳಿ ಹೂಗಳ ಪಕ್ಕದಲ್ಲಿಟ್ಟರು. ನಮ್ಮ ದೇಶ ಕಟ್ಟಿದವರು ಇವರು, ಇದೇ ದಿನ, ಬೆಳಗ್ಗೆ ಒಂಬತ್ತು ಗಂಟೆ ಐದು ನಿಮಿಷಕ್ಕೆ ತೀರಿಕೊಂಡರು, ಆ ಗಳಿಗೆಗೆ ನಮ್ಮ ದೇಶದಲ್ಲೆಲ್ಲ ಸೈರನ್ ಕೂಗುತ್ತದೆ, ಜನ ನಿಂತಲ್ಲೇ ನಿಲ್ಲುತ್ತಾರೆ ಎಂದರು. ಆಮೇಲೆ ಒಂದು ತಟ್ಟೆಯಲ್ಲಿ ಶೀರಾ ತಂದು ಕೊಟ್ಟರು. ಹೆಲ್ವಾ ಎಂದು ಅದರ ಹೆಸರು, ಅವರಲ್ಲಿ ಯಾರಾದರೂ ಸತ್ತಾಗ ಮಾಡುವುದು.

ಅವತ್ತು ಸಂಜೆ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಮ್ಮ ಎರಡು ದಿನ ಅಡುಗೆಮನೆಯ ಕಿಟಕಿಯನ್ನೇ ತೆರೆಯಲಿಲ್ಲ. ಮೂರನೆಯ ದಿನ ಅಪ್ಪನನ್ನು ಕೇಳಿದಳು, ಆ ಫೋಟೋದವರು ಹೋಗಿ ಎಷ್ಟು ವರ್ಷವಾಯಿತು ಎಂದು. ತಾನು ಹುಟ್ಟುವ ಮೊದಲೇ ಎಂದರು ಅಪ್ಪ. "ನಮ್ಮಲ್ಲಿ ಮನೆಯವರ ತಿಥಿಯೇ ಮೂರು ತಲೆಗೆ ನಿಲ್ತದೆ," ಎಂದಳು. "ಇವರು ನೋಡಿ." ಅನಂತರ ಎದ್ದು ಹೋಗಿ ಕಿಟಕಿ ತೆರೆದಳು.

ಮರುವರ್ಷ ಅಮ್ಮನನ್ನು ಕರೆಯುವ ಅಗತ್ಯವೇ ಬೀಳಲಿಲ್ಲ. ಎಂಟು ಗಂಟೆಗೆ ಬಿಳಿ ಹತ್ತಿಸೀರೆ ಉಟ್ಟು, ಹೆಲ್ವಾಕ್ಕೆ ಹಾಕುವ ಪೈನ್ ಬೀಜ ಸಿಗದಿದ್ದರೆ ಇರಲಿ ಎಂದು ಗೋಡಂಬಿ ಹಿಡಿದು ಅಲ್ಲಿದ್ದಳು. ಶಾಲೆಗೆ ಹೋಗುವುದಿಲ್ಲ ಎಂದು ಹಟ ಹಿಡಿದು ನಾನೂ ಹೋದೆ. ಆಗ ನೋಡಿದ್ದು ಹೆಲ್ವಾ ಮಾಡುವ ಕ್ರಮ. ಬಂದ ಹೆಂಗಸರೆಲ್ಲ ಒಲೆಯ ಮುಂದೆ ಸಾಲಾಗಿ ನಿಲ್ಲುತ್ತಿದ್ದರು. ಒಬ್ಬಳು ಒಂದಿಷ್ಟು ಹೊತ್ತು ಕೈಯಾಡಿಸಿ, ಸತ್ತವರನ್ನು ನೆನೆದು, ಸೌಟನ್ನು ಪಕ್ಕದವಳಿಗೆ ಕೊಡುತ್ತಿದ್ದಳು. ರವೆ ಕಂದು ಬಣ್ಣಕ್ಕೆ ಬರುವಷ್ಟರಲ್ಲಿ ಸೌಟು ಎಲ್ಲರ ಕೈ ಹಾದುಹೋಗಿರುತ್ತಿತ್ತು. "ಇದನ್ನು ಒಬ್ಬರೇ ಕೈಯಾಡಿಸಬಾರದು," ಎಂದು ತೇಯ್ಜೆ ನನಗೆ ಹೇಳಿದರು. "ಒಬ್ಬರೇ ಹುರಿದರೆ ಅದು ಬರೀ ತಿಂಡಿ." ಸೌಟು ಅಮ್ಮನ ಕೈಗೆ ಬಂದಾಗ ಅವಳು ಯಾರನ್ನು ನೆನೆದಳೋ, ಅವಳ ಸರದಿ ಮಾತ್ರ ಉಳಿದವರದಕ್ಕಿಂತ ಉದ್ದವಾಯಿತು.

ಅವರಲ್ಲೂ ಎಲ್ಲರೂ ಒಂದೇ ಎಂದಿರಲಿಲ್ಲ. ಓರ್ಹಾನ್ ಬೇಯ ಕಂಪನಿಯಲ್ಲೇ ಕೆಲವರು ಆ ದಿನ ಇತ್ತ ತಲೆ ಹಾಕುತ್ತಿರಲಿಲ್ಲ. ಆ ನಾಯಕನ ಬಗ್ಗೆ ಅವರ ಅಭಿಪ್ರಾಯ ಬೇರೆ ಇತ್ತು. ಬಂದವರಲ್ಲೂ ಒಂದು ವಾದವಿತ್ತು. ನಮ್ಮ ದೇಶದಲ್ಲಿ ಒಂಬತ್ತೂ ಐದು ಆಗುವಾಗ ಇಲ್ಲಿ ಹನ್ನೊಂದೂ ಐದು ಆಗಿರುತ್ತದೆ, ಅಲ್ಲಿ ಜನ ನಿಲ್ಲುವ ಹೊತ್ತಿಗೆ ನಾವೂ ನಿಲ್ಲುವುದು ನ್ಯಾಯ ಎಂದು ಓರ್ಹಾನ್ ಬೇ ಪ್ರತಿವರ್ಷ ಎತ್ತುತ್ತಿದ್ದರು. ನಾವು ಎಲ್ಲಿದ್ದೇವೋ ಅಲ್ಲಿಯ ಒಂಬತ್ತೂ ಐದು ಎಂದು ತೇಯ್ಜೆ ಪ್ರತಿವರ್ಷ ಅದನ್ನು ಅಲ್ಲಿಗೇ ಮುಗಿಸುತ್ತಿದ್ದರು. ಅವರು ಊರಿನಲ್ಲಿ ಶಾಲೆಯ ಟೀಚರಾಗಿದ್ದವರು. ಮಾತು ಮುಗಿಸುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಯಾಕೆ ಅಕ್ಕ ಇಷ್ಟು ಹಟ ಎಂದು ಅಮ್ಮ ಒಮ್ಮೆ ಬೇವಿನ ಮರದ ಕೆಳಗೆ ಸೊಪ್ಪು ಬಿಡಿಸುತ್ತಾ ಕೇಳಿದ್ದಳು. ಅವರು ಹೇಳಿದ್ದು ಇಷ್ಟೇ: ನನ್ನ ಅಜ್ಜಿ ಆ ಊರಿನಲ್ಲಿ ಶಾಲೆಗೆ ಹೋದ ಮೊದಲ ಹುಡುಗಿ. ಆ ಮನುಷ್ಯ ಇಲ್ಲದಿದ್ದರೆ ಅವಳು ಹೋಗುತ್ತಿರಲಿಲ್ಲ, ನನ್ನ ಅಮ್ಮ ಹೋಗುತ್ತಿರಲಿಲ್ಲ, ನಾನೂ ಹೋಗುತ್ತಿರಲಿಲ್ಲ. ದೊಡ್ಡ ವಿಷಯಗಳನ್ನು ದೊಡ್ಡವರು ಚರ್ಚಿಸಲಿ, ನನಗೆ ಇಷ್ಟು ಸಾಕು. ಅಮ್ಮನ ಕೈ ಸೊಪ್ಪಿನ ಮೇಲೆ ನಿಂತಿತು. ಅವಳನ್ನು ಪಿಯುಸಿ ಅರ್ಧದಲ್ಲಿ ಬಿಡಿಸಿ ಮದುವೆ ಮಾಡಿದ್ದರು. ಹಾಲ್ ಟಿಕೆಟ್ ಬಂದಿತ್ತಂತೆ, ಪರೀಕ್ಷೆಗೆ ಕೂರಲಿಲ್ಲವಂತೆ. ಆ ಹಾಲ್ ಟಿಕೆಟನ್ನು ಅವಳು ಪಾಸ್‌ಪೋರ್ಟಿನ ಜೊತೆ ಇಟ್ಟುಕೊಂಡಿದ್ದಳು.

ಅಷ್ಟರಲ್ಲಿ ಎಣ್ಣೆಯ ಬೆಲೆ ಬಿತ್ತು. ಮಕ್ಕಳಾದ ನಮಗೆ ಅದು ಗೊತ್ತಾದದ್ದು ಶಾಲೆಯ ಬಸ್ಸಿನಲ್ಲಿ. ಒಂದು ವಾರ ಒಂದು ಸೀಟು ಖಾಲಿ, ಮುಂದಿನ ವಾರ ಇನ್ನೊಂದು. ಅರ್ಧ ಹಾಕಿದ ರಸ್ತೆಗಳು ಮರಳಿನಲ್ಲಿ ಹಾಗೆಯೇ ನಿಂತವು. ದೊಡ್ಡವರು ಎಲ್ಲಿ ಸೇರಿದರೂ ಯಾರಿಗೆ ಲೆಟರ್ ಬಂತು, ಯಾರ ವೀಸಾ ಕ್ಯಾನ್ಸಲ್ ಆಯಿತು ಎಂಬುದೇ ಮಾತು. "ಅವನದ್ದೂ ಖಲಾಸ್," ಎಂದು ಅಪ್ಪ ಶೂ ಬಿಚ್ಚುತ್ತಾ ಒಂದು ಹೆಸರು ಹೇಳುತ್ತಿದ್ದರು. ಪಕ್ಕದ ಮನೆಯ ಗೇಟಿನ ಮುಂದೆ ನವೆಂಬರಿನಲ್ಲಿ ನಿಲ್ಲುತ್ತಿದ್ದ ಕಾರುಗಳು ಕಡಿಮೆಯಾದವು. ನಲವತ್ತು ಜನ ಇದ್ದಲ್ಲಿ ಹದಿನೈದಾದರು, ಆಮೇಲಿನ ವರ್ಷ ಆರು. ನನಗೆ ಹನ್ನೆರಡು ತುಂಬಿದ ವರ್ಷ ರಸ್ತೆಯ ಕಂಪನಿ ಬಾಗಿಲು ಹಾಕಿತು. ನವೆಂಬರ್ ಬರುವಷ್ಟರಲ್ಲಿ ಆ ದಿನಕ್ಕೆ ಬರುತ್ತಿದ್ದವರಲ್ಲಿ ಮಸ್ಕತ್ತಿನಲ್ಲಿ ಉಳಿದವರು ಓರ್ಹಾನ್ ಬೇ ಮತ್ತು ತೇಯ್ಜೆ ಇಬ್ಬರೇ. ಕಂಪನಿ ಅವರಿಗೆ ಎಂಟನೆಯ ತಾರೀಖಿನ ಟಿಕೆಟ್ ಕೊಟ್ಟಿತು. ತೇಯ್ಜೆ ಆಗುವುದಿಲ್ಲ ಎಂದರು. ಈ ಮನೆಯಲ್ಲಿ ಹತ್ತನೆಯ ತಾರೀಖು ತಪ್ಪಿಲ್ಲ, ಹತ್ತರ ಸಂಜೆ ಹೋಗುತ್ತೇನೆ ಎಂದು ಕೂತುಬಿಟ್ಟರು. ಓರ್ಹಾನ್ ಬೇ ಯಾವುದೋ ಲೆಕ್ಕ ಒಪ್ಪಿಸಲು ಎರಡು ದಿನ ಮೊದಲೇ ಒಬ್ಬರೇ ಹೊರಟರು. ಖಾಲಿ ಮನೆಯಲ್ಲಿ ಎರಡು ಸೂಟ್‌ಕೇಸಿನ ಜೊತೆ ತೇಯ್ಜೆ ಉಳಿದರು. ಸೋಫಾ, ಟೇಪ್ ರೆಕಾರ್ಡರ್, ಪಾತ್ರೆ ಪಗಡಿ ಎಲ್ಲ ಮಾರಾಟವಾಗಿತ್ತು, ಗ್ಯಾಸ್ ಸಿಲಿಂಡರನ್ನು ವಾಪಸ್ ಕೊಟ್ಟಾಗಿತ್ತು.

ಒಂಬತ್ತನೆಯ ತಾರೀಖಿನ ಸಂಜೆ ಅವರು ನಮ್ಮ ಬಾಗಿಲಿಗೆ ಬಂದರು. ನಾಳೆ ಬೆಳಗ್ಗೆ ಒಂದು ಗಂಟೆ ನಿನ್ನ ಒಲೆ ಬೇಕು ಎಂದು ಅಮ್ಮನನ್ನು ಕೇಳಿದರು. ಒಲೆ ಕೆಟ್ಟಿದೆ ಅಕ್ಕ ಎಂದಳು ಅಮ್ಮ. ಅವಳ ಬೆನ್ನ ಹಿಂದೆ ಒಲೆಯ ಮೇಲೆ ಸಾಂಬಾರು ಕೊತಕೊತ ಕುದಿಯುತ್ತಿತ್ತು. ಅದರ ವಾಸನೆ ಅಂಗಳದವರೆಗೂ ಇತ್ತು. ತೇಯ್ಜೆ ಸರಿ ಎಂದು ಹೋದರು. ಅಮ್ಮ ಅಷ್ಟು ಹಸಿ ಸುಳ್ಳು ಹೇಳಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ, ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ಕಾರಣ ನನಗೂ ಗೊತ್ತಿತ್ತು. ಅಪ್ಪನ ಆಫೀಸಿನಲ್ಲಿ ತೆಗೆದುಹಾಕುವವರ ಪಟ್ಟಿ ಮರುದಿನ ಬೆಳಗ್ಗೆ ಹೊರಬೀಳುವುದಿತ್ತು. ಅವರ ಕೆಲಸ ಉಳಿದರೆ ಹುಣ್ಣಿಮೆಗೆ ಸತ್ಯನಾರಾಯಣ ಪೂಜೆ ಮಾಡುತ್ತೇನೆಂದು ಹರಕೆ ಹೊತ್ತು, ಸಪಾದ ಭಕ್ಷ್ಯ ಎನ್ನುವ ಪ್ರಸಾದದ ಶೀರಾಕ್ಕೆ ಬೇಕಾದ ರವೆಯನ್ನು ಅಮ್ಮ ಸ್ಟೀಲಿನ ಡಬ್ಬದಲ್ಲಿ ಬೇರೆ ತೆಗೆದಿಟ್ಟಿದ್ದಳು. ಅಂಥ ದಿನ ಸಾವಿನ ಸಿಹಿ ತನ್ನ ಒಲೆಯ ಮೇಲೆ ಬೇಯುವುದು ಅವಳಿಗೆ ಬೇಡವಾಗಿತ್ತು. ಬೇರೆಯವರ ಒಲೆಯಲ್ಲಿ ಎರಡು ವರ್ಷ ಕೈಯಾಡಿಸಿದವಳಿಗೆ ತನ್ನ ಒಲೆಯ ಮಾತು ಬಂದಾಗ ಹೆದರಿಕೆಯಾಯಿತು. ಹೆದರಿಕೆಗೆ ನ್ಯಾಯ ಎಲ್ಲಿಂದ?

ಬೆಳಗ್ಗೆ ಬಸ್ಸು ಬಂದಾಗ ನಾನು ನೀರಿನ ಟ್ಯಾಂಕಿನ ಹಿಂದೆ ಅಡಗಿ ಕೂತೆ. ಬಸ್ಸು ಎರಡು ಸಲ ಹಾರನ್ ಹಾಕಿ ಹೊರಟುಹೋಯಿತು. ಅಪ್ಪ ದೇವರ ಫೋಟೋಕ್ಕೆ ಕೈಮುಗಿದು, ತಿಂಡಿಯನ್ನೂ ತಿನ್ನದೆ ಆಫೀಸಿಗೆ ಹೋದರು. ಅವರ ಕಾರು ತಿರುವು ದಾಟಿದ ಮೇಲೆ ಪಕ್ಕದ ಮನೆಯ ಬಾಗಿಲು ತೆರೆಯಿತು. ತೇಯ್ಜೆ ಹೊರಗೆ ಬಂದರು. ಕಪ್ಪು ಕೋಟು, ಕಪ್ಪು ಸ್ಕರ್ಟು, ಬಾಚಿ ಕಟ್ಟಿದ ಕೂದಲು, ಎದೆಯ ಮೇಲೆ ಪಿನ್ನಿನಿಂದ ಚುಚ್ಚಿದ ಆ ನಾಯಕನ ಪುಟ್ಟ ಚಿತ್ರ. ಅವರು ಬೇವಿನ ಮರದ ಬುಡಕ್ಕೆ ಮೂರು ಕಲ್ಲು ಉರುಳಿಸಿದರು. ಸಾಮಾನು ಕಟ್ಟಿ ಉಳಿದಿದ್ದ ಮರದ ಪೆಟ್ಟಿಗೆಯೊಂದನ್ನು ಕಾಲಿನಿಂದ ಮೆಟ್ಟಿ ಮುರಿದರು, ಕಾಗದ ತುರುಕಿ ಬೆಂಕಿ ಹಚ್ಚಿದರು, ಎಲ್ಲಿಂದಲೋ ಉಳಿಸಿಕೊಂಡಿದ್ದ ಒಂದು ಅಲ್ಯೂಮಿನಿಯಂ ಪಾತ್ರೆ ಮೇಲಿಟ್ಟರು. ಪೆಟ್ಟಿಗೆಯ ಮರ ಉರಿಯಲಿಲ್ಲ, ಹೊಗೆ ಮಾತ್ರ ಎದ್ದಿತು. ಅವರು ಮೊಣಕಾಲೂರಿ ಊದಿದರು. ಕೋಟಿಗೆ ಬೂದಿ ಹತ್ತಿತು, ಒರೆಸಿಕೊಂಡು ಮತ್ತೆ ಊದಿದರು. ನಾನು ಟ್ಯಾಂಕಿನ ಹಿಂದಿನಿಂದ ನಮ್ಮ ಅಡುಗೆಮನೆಯ ಕಿಟಕಿಯ ಕಡೆ ನೋಡಿದೆ. ಅಮ್ಮ ಸರಳು ಹಿಡಿದುಕೊಂಡು ನಿಂತಿದ್ದಳು.

ಎಷ್ಟು ಹೊತ್ತು ನಿಂತಿದ್ದಳೋ ನನಗೆ ಗೊತ್ತಿಲ್ಲ, ನನಗೆ ಬಹಳ ಹೊತ್ತು ಎನಿಸಿತು. ಆಮೇಲೆ ಅವಳು ಒಂದು ಚೊಂಬು ನೀರು ಹಿಡಿದು ಹೊರಬಂದು ಆ ಮೂರು ಕಲ್ಲಿನ ನಡುವೆ ಸುರಿದುಬಿಟ್ಟಳು. ಚುಸ್ಸೆಂದು ಬೂದಿ ಹಾರಿತು. ಪಾತ್ರೆಯನ್ನು ತಾನೇ ಎತ್ತಿಕೊಂಡು, "ಒಳಗೆ ಬನ್ನಿ ಅಕ್ಕ," ಎಂದು ಕನ್ನಡದಲ್ಲೇ ಹೇಳಿದಳು. ತೇಯ್ಜೆ ಕಣ್ಣೊರೆಸಿಕೊಂಡು ಎದ್ದರು. ಒಲೆ ಸರಿಯಾಯಿತೇ ಎಂದು ಕೇಳಿದರು, ಮುಖದಲ್ಲಿ ನಗುವಿನ ಸುಳಿವೇ ಇಲ್ಲ. ಸರಿಯಾಯಿತು ಎಂದಳು ಅಮ್ಮ. ಅಡಗಿ ಕೂತಿದ್ದ ನನ್ನನ್ನೂ ಕಂಡಳು, ಬೈಯಲಿಲ್ಲ. ಕೈಕಾಲು ತೊಳೆದು ಬಾ ಎಂದಳು.

ನಾನು ಅಡುಗೆಮನೆಗೆ ಬಂದಾಗ ಬೆಣ್ಣೆ ಕರಗುತ್ತಿತ್ತು, ಅಮ್ಮನ ಕೈಯಲ್ಲಿ ಆ ಸ್ಟೀಲಿನ ಡಬ್ಬವಿತ್ತು. ಅದು ಪೂಜೆಯ ರವೆ ಅಲ್ವಾ ಎಂದು ನಾನು ಕೇಳಿಯೇಬಿಟ್ಟೆ. ಅಮ್ಮ ಮುಚ್ಚಳ ತೆಗೆದು ಡಬ್ಬವನ್ನು ಬಾಣಲೆಗೆ ಬಗ್ಗಿಸಿದಳು. "ರವೆಗೆ ಎಂತ ಗೊತ್ತುಂಟು, ಯಾರಿಗೆ ಹುರಿಯುವುದೂಂತ," ಎಂದಳು. "ನೀನು ಕೈಯಾಡಿಸು." ಮೂವರೇ ಇದ್ದೆವು. ಸೌಟು ತೇಯ್ಜೆಯಿಂದ ಅಮ್ಮನಿಗೆ, ಅಮ್ಮನಿಂದ ನನಗೆ, ನನ್ನಿಂದ ತೇಯ್ಜೆಗೆ ಸುತ್ತು ಹೊಡೆಯಿತು. ಎಷ್ಟು ಸುತ್ತು ಎಂದು ನಾವು ಎಣಿಸಲಿಲ್ಲ. ರವೆ ಕಂದಾಗಿ ಗೋಡಂಬಿ ಕೆಂಪಾದ ಮೇಲೆ ಸಕ್ಕರೆ ಹಾಲು ಸುರಿದು ಮುಚ್ಚಿಟ್ಟೆವು. ತೇಯ್ಜೆ ಸೂಟ್‌ಕೇಸಿನಿಂದ ಫೋಟೋ ತಂದರು. ಇಡಲು ಜಾಗ ಹುಡುಕಿ ಕೊನೆಗೆ ಕಟ್ಟೆಯ ಮೇಲೆ ನಮ್ಮ ಮಿಕ್ಸಿಗೆ ಒರಗಿಸಿದರು. ಗಡಿಯಾರದಲ್ಲಿ ಒಂಬತ್ತಕ್ಕೆ ಐದು ನಿಮಿಷ ಇತ್ತು. ಆಗ ಅವರು ಕೈ ಚೆಲ್ಲಿದರು. ಟೇಪ್ ರೆಕಾರ್ಡರ್ ಮಾರಿಹೋಗಿತ್ತಲ್ಲ, ಸೈರನ್ ಇರಲಿಲ್ಲ. ಪರವಾಗಿಲ್ಲ, ಸುಮ್ಮನೆ ನಿಲ್ಲೋಣ ಎಂದರು. ಅಷ್ಟು ವರ್ಷದಲ್ಲಿ ಅವರ ದನಿ ಕುಸಿದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅಮ್ಮ ಪಕ್ಕದ ಒಲೆಯಲ್ಲಿ ಮಧ್ಯಾಹ್ನದ ಅನ್ನಕ್ಕೆ ಕುಕ್ಕರ್ ಇಟ್ಟಿದ್ದಳು, ಅದು ಆವಿ ತುಂಬಿ ಬುಸುಗುಡುತ್ತಿತ್ತು. ಗಡಿಯಾರದ ಮುಳ್ಳು ಒಂಬತ್ತೂ ಐದರ ಗೆರೆ ಮುಟ್ಟಿದಾಗ ಅವಳು ಸೌಟಿನ ತುದಿಯಿಂದ ಕುಕ್ಕರಿನ ವೆಯ್ಟನ್ನು ಎತ್ತಿ ಹಿಡಿದಳು. ಆವಿ ಒಂದೇ ಸಮನೆ ಉದ್ದಕ್ಕೆ ಕೂಗಿತು. ಮಿಕ್ಸಿಗೆ ಒರಗಿದ್ದ ಆ ಮನುಷ್ಯನ ಫೋಟೋದ ಗಾಜಿನ ಮೇಲೆ ಮಂಜು ಕಟ್ಟಿತು. ತೇಯ್ಜೆ ಒಮ್ಮೆ ಅಮ್ಮನನ್ನು ನೋಡಿ, ಕೈ ಇಳಿಬಿಟ್ಟು, ಬೆನ್ನು ನೇರ ಮಾಡಿ ನಿಂತರು. ನಾನೂ ನಿಂತೆ. ಅಮ್ಮ ಮಾತ್ರ ಒಂದು ಕೈ ಮೇಲೆತ್ತಿಕೊಂಡೇ ನಿಂತಳು. ಆವಿ ತೀರುವವರೆಗೂ ಅವಳ ಕೈ ಇಳಿಯಲಿಲ್ಲ. ಮಣಿಕಟ್ಟಿನ ಹತ್ತಿರ ಸುಟ್ಟು ಕೆಂಪಾದದ್ದು ಆಮೇಲೆ ಕಂಡಿತು. ಮಧ್ಯಾಹ್ನದ ಅನ್ನ ಅರೆಬೆಂದಿತ್ತು, ಅದನ್ನೇ ತಿಂದೆವು. ಸಂಜೆ ಟ್ಯಾಕ್ಸಿ ಬಂದಾಗ ತೇಯ್ಜೆ ಚೀಸಿನ ಡಬ್ಬದ ಗಿಡವನ್ನು ನಮ್ಮ ತುಳಸಿಯ ಪಕ್ಕದಲ್ಲಿಟ್ಟು ಹೋದರು. ಒಂದು ಕಾಗದ ಬಂತು, ಆಮೇಲೆ ಬರಲಿಲ್ಲ.

ಆ ಪಟ್ಟಿಯಲ್ಲಿ ಅಪ್ಪನ ಹೆಸರು ಇರಲಿಲ್ಲ. ಮಾರ್ಚಿನಲ್ಲಿ ಬಂದ ಎರಡನೆಯ ಪಟ್ಟಿಯಲ್ಲಿ ಇತ್ತು. ನಾವೂ ಸಾಮಾನು ಕಟ್ಟಿದೆವು. ಹುಣ್ಣಿಮೆಯ ಪೂಜೆಯನ್ನು ಅಮ್ಮ ಬೇರೆ ರವೆ ತಂದು ಮಾಡಿಯೇ ಇದ್ದಳು. ನೆಂಟರಲ್ಲಿ ಯಾರೋ ಈ ಕತೆ ಕೇಳಿ, ಸೂತಕದ ಅಡುಗೆ ಒಲೆಗೇರಿಸಿದ್ದಕ್ಕೇ ಕೆಲಸ ಹೋಯಿತೆಂದು ಆಡಿದಾಗ ಅವಳು, ಎಣ್ಣೆಯ ಬೆಲೆ ಬಿದ್ದದ್ದೂ ನನ್ನ ಒಲೆಯಿಂದಲೋ ಎಂದು ಕೇಳಿ ಅವರ ಬಾಯಿ ಮುಚ್ಚಿಸಿದಳು. ಊರಿಗೆ ಬಂದ ವರ್ಷವೇ, ನನ್ನ ಜೊತೆ ಕೂತು ಓದಿ, ಬಾಕಿ ಇದ್ದ ಪರೀಕ್ಷೆ ಕಟ್ಟಿದಳು. ಒಂದು ವಿಷಯದಲ್ಲಿ ಫೇಲಾಗಿ ಮತ್ತೆ ಕಟ್ಟಿ ಪಾಸಾದಳು. ಹಳದಿ ವಿಲ್ಲಾ ಈಗ ಇಲ್ಲ. ಅಲ್ಲಿ ಮೂರು ಮಾಳಿಗೆಯ ಕಟ್ಟಡ ಎದ್ದಿದೆಯೆಂದು ಅಲ್ಲಿರುವ ಪರಿಚಯದವರು ಹೇಳಿದರು, ಬೇವಿನ ಮರವೂ ಹೋಯಿತಂತೆ. ಆ ಅಡುಗೆಮನೆಯಲ್ಲಿ ನಿಂತಿದ್ದ ಮೂವರಲ್ಲಿ ಈಗ ನಾನು ಇದ್ದೇನೆ ಎಂದು ಮಾತ್ರ ಖಂಡಿತವಾಗಿ ಹೇಳಬಲ್ಲೆ. ಅಮ್ಮನನ್ನು ನೆನೆದರೆ ನನಗೆ ಮೊದಲು ಕಾಣುವುದು ಆ ಎತ್ತಿದ ಕೈ. ಆ ಕೈ ಇಲ್ಲದ ಮನೆ ನನಗೆ ಇನ್ನೂ ಅಭ್ಯಾಸವಾಗಿಲ್ಲ.

ವರ್ಷಾಂತಿಕದ ದಿನ, ನಾವು ಊರಿಗೆ ಬಂದ ಮೇಲೆ ಹುಟ್ಟಿದ ನನ್ನ ತಮ್ಮ ಜಗಲಿಯಲ್ಲಿ ಪುರೋಹಿತರೊಂದಿಗೆ ಕೂತಿದ್ದ. ಒಬ್ಬಳೇ ಕೈಯಾಡಿಸುವ ಹಾಗಿಲ್ಲವಲ್ಲ, ನಾನು ಮಗಳನ್ನು ಕರೆದೆ. ಅವಳು ಮೊಬೈಲು ಬದಿಗಿಟ್ಟು ಸೌಟು ಹಿಡಿದಳು, ಆಮೇಲೆ ನಾದಿನಿ, ಆಮೇಲೆ ಪಕ್ಕದ ಮನೆಯಾಕೆ. ಸ್ವಲ್ಪ ಹೊತ್ತಿನಲ್ಲಿ ಅಡುಗೆ ಭಟ್ಟರೂ ಕೈ ಒರೆಸಿಕೊಂಡು ಬಂದು, ಇಪ್ಪತ್ತು ವರ್ಷದಿಂದ ಈ ಮನೆಗೆ ಬರುತ್ತಿದ್ದೇನೆ, ನನಗೂ ಒಂದು ಸುತ್ತು ಕೊಡಿ ಎಂದರು. ರವೆ ಕಂದು ತಿರುಗಿತ್ತು, ಇನ್ನು ಹಾಲು ಸುರಿಯಬೇಕು. ಅಷ್ಟರಲ್ಲಿ ಬಾಗಿಲ ಹತ್ತಿರ ಅಪ್ಪ ನಿಂತಿರುವುದು ಕಂಡಿತು. ಅವರಿಗೆ ಈಗ ಮೊಣಕಾಲು ನೋವು, ಎದ್ದು ಬರುವುದು ಕಡಿಮೆ. ಒಮಾನಿನ ಆ ಬೆಳಗ್ಗೆ ಅವರು ಆಫೀಸಿನ ನೋಟಿಸ್ ಬೋರ್ಡಿನ ಮುಂದೆ ನಿಂತಿದ್ದರು; ಮನೆಯಲ್ಲಿ ಆದದ್ದನ್ನೆಲ್ಲ ಅಮ್ಮನ ಬಾಯಿಂದ ಕೇಳಿದ್ದರಷ್ಟೇ. ಅವರು ಗೋಡೆ ಹಿಡಿದುಕೊಂಡು ಒಲೆಯವರೆಗೆ ಬಂದು ಕೈ ಚಾಚಿದರು.

"ಕೊಡು," ಎಂದರು. "ಅವತ್ತು ನಾನಿರ್ಲಿಲ್ಲ ಅಲ್ವಾ."